ಗಡಿ ಯಾರದು, ಹಲಗಿ ಯಾರದು?

(ನಿಪ್ಪಾಣಿ ಸೀಮೆಯ ಯುವಕರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಗಡಿಭಾಗದ ಸುದ್ದಿ ಅಂದರೆ ಪೇಪರಿನವರಿಗೆ ನೆನಪಾಗುವುದು ಮೂರೇ ಮೂರು. ಬೋರ್ಡಿಗೆ ಮಸಿ, ಬಸ್ಸಿಗೆ ಮಸಿ, ಮಂತ್ರಿಯ ಹೇಳಿಕೆ. 2022ರ ಡಿಸೆಂಬರಿನಲ್ಲಿ ಎರಡೂ ಕಡೆ ಬಸ್ಸುಗಳಿಗೆ ಮಸಿ ಬಳಿದರು, ಓಡಾಟ ನಿಂತಿತು. ಅದು ದೊಡ್ಡ ಸುದ್ದಿಯಾಯಿತು. ಬಸ್ಸು ನಿಂತ ದಿನ ಕಾಗಲ ಕಡೆ ಕೂಲಿಗೆ ಹೋಗುವವರ ಒಲಿ ಹೊತ್ತಿತೋ ಇಲ್ಲವೋ ಅಂತ ಬರೆಯಲು ಯಾವ ಪೇಪರಿನಲ್ಲೂ ಜಾಗ ಸಿಗಲಿಲ್ಲ. ಕನ್ನಡ ಪೇಪರಿನಲ್ಲೂ ಇಲ್ಲ, ಮರಾಠಿ ಪೇಪರಿನಲ್ಲೂ ಇಲ್ಲ. ಈ ವಿಷಯದಲ್ಲಿ ಮಾತ್ರ ಎರಡೂ ಭಾಷೆಗಳಿಗೆ ಭಾರೀ ಒಗ್ಗಟ್ಟು ನೋಡ್ರಿ!

ನವೆಂಬರ್ ಒಂದು ಬಂತೆಂದರೆ ಈ ಸೀಮೆಯಲ್ಲಿ ಒಬ್ಬರಿಗೆ ರಾಜ್ಯೋತ್ಸವ, ಇನ್ನೊಬ್ಬರಿಗೆ ಕರಾಳ ದಿನ. ಮೆರವಣಿಗೆ ಯಾರದೇ ಇರಲಿ, ಮುಂದೆ ಹಲಗಿ ಬಾರಿಸುವ ಕೈ ನಮ್ಮ ಕೇರಿಯದು. ಮೆರವಣಿಗೆ ಮುಗಿದ ಮೇಲೆ ಆ ಕೈಗೆ ಚಹಾ ಯಾವ ಕಪ್ಪಿನಲ್ಲಿ ಕೊಡತಾರ? ಅದಕ್ಕೆ ಕನ್ನಡ, ಮರಾಠಿ ಅನ್ನುವ ಭೇದ ಇಲ್ಲ.

ಹಾಗಂತ ಗಡಿ ನಮಗೆ ಸಂಬಂಧವಿಲ್ಲ ಎಂದು ನಾವು ಹೇಳುತ್ತಿಲ್ಲ. ಸಂಬಂಧ ಐತಿ. ಎಲ್ಲಿ ಐತಿ ಅನ್ನುವುದನ್ನು ಗುರುತಿಸಬೇಕು.

ಮೊದಲು ಚರಿತ್ರೆ ನೋಡೋಣ. 1920ರ ಮಾರ್ಚ್‌ನಲ್ಲಿ ಕೊಲ್ಲಾಪುರ ಸೀಮೆಯ ಮಾಣಗಾವಿಯಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಶಾಹೂ ಮಹಾರಾಜರು ಅಲ್ಲಿಗೆ ಬಂದು, ಇನ್ನೂ ಮೂವತ್ತು ತುಂಬದ ಅಂಬೇಡ್ಕರರನ್ನು ತೋರಿಸಿ, ನಿಮ್ಮ ನಾಯಕ ನಿಮ್ಮಲ್ಲೇ ಸಿಕ್ಕಿದ್ದಾನೆ ಎಂಬರ್ಥದ ಮಾತು ಆಡಿದರು. ಐದು ವರ್ಷದ ಮೇಲೆ, 1925ರ ಏಪ್ರಿಲ್‌ನಲ್ಲಿ, ಇದೇ ನಿಪ್ಪಾಣಿಯಲ್ಲಿ ಬಾಬಾಸಾಹೇಬರ ಮುಂದಾಳ್ತನದಲ್ಲಿ ಮುಂಬಯಿ ಪ್ರಾಂತದ ಪರಿಷತ್ತು ಸೇರಿತು. 1929ರಲ್ಲಿ ಧಾರವಾಡದಲ್ಲಿ ನಮ್ಮ ಹುಡುಗರಿಗಾಗಿ ಅವರು ವಿದ್ಯಾರ್ಥಿ ನಿಲಯ ತೆರೆದರು. ಅದನ್ನು ನೋಡಿಕೊಂಡವರು ಬಳವಂತರಾವ್ ವರಾಳೆ. ಅವರ ಮೊಮ್ಮಗ, ನಿಪ್ಪಾಣಿಯಲ್ಲಿ ಹುಟ್ಟಿದ ಪ್ರಸನ್ನ ವರಾಳೆ, 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, 2024ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು.

ಮಾಣಗಾವಿ, ನಿಪ್ಪಾಣಿ, ಧಾರವಾಡ. ಈ ಮೂರನ್ನೂ ಒಂದು ದಾರ ಹೊಲಿದಿತ್ತು. 1956ರ ನವೆಂಬರ್ ಒಂದರಂದು ಆ ದಾರದ ನಡುವೆ ಕತ್ತರಿ ಆಡಿತು. ಭಾಷೆ ಕೇಳಿದರು, ತಾಲ್ಲೂಕು ಎಣಿಸಿದರು. ಆಮೇಲೆ 1966ರಲ್ಲಿ ಮಹಾಜನ ಆಯೋಗ ಬಂತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ನಕಾಶೆ ಹಿಡಿದವರು ಊರು ಯಾವ ಕಡೆ ಅಂತ ಜಗಳಾಡಿದರು. ಕೇರಿ ಊರಿನ ಹೊರಗೇ ಉಳಿಯಿತು.

ಈಗ ಗಡಿ ನಮ್ಮನ್ನು ಎಲ್ಲಿ ಕಚ್ಚುತ್ತದೆ ಹೇಳುತ್ತೇವೆ, ಕೇಳ್ರಿ. ಪರಿಶಿಷ್ಟ ಜಾತಿಗಳ ಪಟ್ಟಿ ಆಯಾ ರಾಜ್ಯಕ್ಕೆ ಬೇರೆ ಬೇರೆ. ಒಂದು ರಾಜ್ಯದವರು ಇನ್ನೊಂದು ರಾಜ್ಯಕ್ಕೆ ಬಂದು ನೆಲೆಸಿದರೆ ಅಲ್ಲಿನ ಮೀಸಲಾತಿ ಸಿಗುವುದಿಲ್ಲ ಎಂದು 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಈಗ ನಮ್ಮ ಮನೆಗಳನ್ನು ನೋಡ್ರಿ. ಕಾಗಲ ಕಡೆಯ ಹೆಣ್ಣುಮಗಳು ನಿಪ್ಪಾಣಿ ಕಡೆಗೆ ಸೊಸೆಯಾಗಿ ಬರುತ್ತಾಳೆ. ತವರಿಗೂ ಗಂಡನ ಮನೆಗೂ ಹರದಾರಿ ದೂರ. ತವರಿನಲ್ಲೂ ಅವಳಿಗೆ ಬೇರೆ ನೀರು, ಇಲ್ಲೂ ಬೇರೆ ನೀರು. ಅವಮಾನ ಗಡಿ ದಾಟಿ ಅವಳ ಜೊತೆಗೇ ಬಂತು. ಅವಳ ಸರ್ಟಿಫಿಕೇಟು ಮಾತ್ರ ಗಡಿಯಾಚೆಗೆ ನಿಂತಿತು. ಜಾತಿ ನಡೆದು ಬರುತ್ತದೆ, ಹಕ್ಕು ಬರುವುದಿಲ್ಲ! ಗಡಿಗಾಗಿ ಹೋರಾಡುವ ಹುರಿಯಾಳುಗಳು ಈ ಮಾತನ್ನು ಯಾವ ವೇದಿಕೆಯಲ್ಲಿ ಎತ್ತಿದ್ದಾರೆ?

ಹೆಣ್ಣುಮಕ್ಕಳ ಇನ್ನೊಂದು ದಾರಿಯೂ ಈ ಗಡಿ ದಾಟಿ ಹೋಗಿದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಎರಡೂ ಸೀಮೆಯ ಜನ ಬರುತ್ತಾರೆ. ಮುತ್ತು ಕಟ್ಟಿಸಿಕೊಂಡ ಎಷ್ಟೋ ಹುಡುಗಿಯರು ಮುಂಬಯಿಯ ಸೂಳೆಗೇರಿ ಸೇರಿದರು. ಆಗ ಯಾವ ರಾಜ್ಯವೂ ಅವರನ್ನು ಗಡಿಯಲ್ಲಿ ನಿಲ್ಲಿಸಿ, ನೀನು ನಮ್ಮ ನಾಡಿನ ಮಗಳು ಎನ್ನಲಿಲ್ಲ. ದೇವದಾಸಿ ಬಿಡುವುದನ್ನು ನಿಷೇಧಿಸಿ ಕರ್ನಾಟಕ ಕಾನೂನು ಮಾಡಿದ್ದು 1982ರಲ್ಲಿ. ಅವರು ಹಾಡಿದ ಚೌಡಕಿ ಪದಗಳನ್ನು ಇವತ್ತು ಜಾನಪದ ಎಂದು ಸ್ಟೇಜಿನ ಮೇಲೆ ಹಾಡಿಸಿ ಶಾಲು ಹೊದಿಸುತ್ತಾರೆ. ಪದ ಬೇಕು, ಪದ ಹುಟ್ಟಿಸಿದ ಸಂಕಟ ಬೇಡ.

ತಂಬಾಕಿನ ಕಥೆಯೂ ಅಷ್ಟೇ. 1981ರ ಏಪ್ರಿಲ್‌ನಲ್ಲಿ ಬೆಲೆ ಕೇಳಿ ರಸ್ತೆಯಲ್ಲಿ ಕುಂತ ರೈತರ ಮೇಲೆ ನಿಪ್ಪಾಣಿಯಲ್ಲಿ ಗುಂಡು ಹಾರಿತು. ಸತ್ತ ರೈತರಿಗೆ ನಮ್ಮ ನಮಸ್ಕಾರ. ಆದರೆ ಅದೇ ಕಾಲದಲ್ಲಿ ಅದೇ ತಂಬಾಕಿನ ಕಾರಖಾನೆಗಳ ಒಳಗೆ, ದೂಳು ಕುಡಿದು ಕೆಮ್ಮುತ್ತಿದ್ದ ಹೆಂಗಸರು ಸಂಘ ಕಟ್ಟಿ ಎದ್ದು ನಿಂತರು. ಇದು ಎಷ್ಟು ಮಂದಿಗೆ ಗೊತ್ತು? ದೀಪಾ ಧನರಾಜ್ ಮತ್ತು ಗೆಳತಿಯರ ‘ಯುಗಾಂತರ’ ಚಿತ್ರಕೂಟ 1982ರಲ್ಲಿ ಅವರ ಮೇಲೆ ಚಿತ್ರ ಮಾಡಿತು. ಆ ಚಿತ್ರವನ್ನು ಹೊರದೇಶದ ಮಂದಿಯೂ ನೋಡಿದರು. ಅವರ ಮೊಮ್ಮಕ್ಕಳೇ ನೋಡದಿದ್ದರೆ ಹೇಗೆ? ಬಿಳಿ ಪರದೆ ಕಟ್ಟಿ ಕೇರಿಯಲ್ಲಿ ತೋರಿಸಬೇಕು. ಆ ಕೆಲಸ ಮಾಡಿದ ಮುದುಕಿಯರನ್ನು ಮುಂದಿನ ಸಾಲಿನಲ್ಲಿ ಕೂಡಿಸಬೇಕು.

ಗೆಳೆಯರೆ, ನಮ್ಮ ಹುಡುಗರೇ ಈಗ ಕೇಳುತ್ತಿದ್ದಾರೆ: ಭೀಮ ಜಯಂತಿಯ ಹಾಡು ಕನ್ನಡದಾಗ ಇರಬೇಕೋ, ಮರಾಠಿಯಾಗೋ? ಈ ಜಗಳ ನಮ್ಮ ಕೇರಿಯಲ್ಲಿ ಹುಟ್ಟಿದ್ದಲ್ಲ, ಹೊರಗಿನಿಂದ ತಂದು ಎಸೆದದ್ದು. ‘ಮೂಕನಾಯಕ’ 1920ರಲ್ಲಿ ಬಂದದ್ದು ಮರಾಠಿಯಲ್ಲಿ. ದಲಿತ ಸಂಘರ್ಷ ಸಮಿತಿಯ ಹಾಡುಗಳು ಎದ್ದದ್ದು ಕನ್ನಡದಲ್ಲಿ. ನಮ್ಮವ್ವಂದಿರು ಒಂದೇ ಉಸಿರಿನಲ್ಲಿ ಎರಡೂ ಬೈಗುಳ, ಎರಡೂ ಜೋಗುಳ ಬಲ್ಲವರು. ಎರಡು ನಾಲಿಗೆ ಇದ್ದವರಿಗೆ ಒಂದನ್ನು ಕೊಯ್ದುಕೋ ಅನ್ನುವವರು ನಮ್ಮ ಹಿತೈಷಿಗಳಲ್ಲ. ಕಚೇರಿಯಲ್ಲಿ ಅರ್ಜಿ ಬರೆಯಲು ಕನ್ನಡ ಬೇಕು, ಗಟ್ಟಿಯಾಗಿ ಕಲಿಯೋಣ. ಬಾಬಾಸಾಹೇಬರ ಪತ್ರಿಕೆ ಓದಲು ಮರಾಠಿ ಬೇಕು, ಬಿಡುವುದು ಬೇಡ.

ಹಾಗಾದರೆ ಮಾಡುವುದೇನು? ನಾಳೆಯಿಂದಲೇ ಮಾಡಬಹುದಾದ್ದನ್ನು ಹೇಳುತ್ತೇವೆ. ಪ್ರತಿ ಕೇರಿಯಲ್ಲೂ ಒಂದು ಗೋಡೆಪತ್ರಿಕೆ ಇರಲಿ. ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ. ಯಾವ ನಳಕ್ಕೆ ನೀರು ಬಂತು, ಯಾವ ಹೋಟೆಲಿನಲ್ಲಿ ಕಪ್ಪು ಬೇರೆ ಇಟ್ಟರು, ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಎಷ್ಟು ಕೊಟ್ಟರು, ಅದೇ ನಮ್ಮ ಸುದ್ದಿ. ಪದ ಬಲ್ಲ ಮುದುಕಿಯರ ಹತ್ತಿರ ಕುಂತು ಬರೆದುಕೊಳ್ಳಿ, ಪದದ ಕೆಳಗೆ ಅವರು ಒಪ್ಪಿದರೆ ಅವರದೇ ಹೆಸರು ಹಾಕಿ. ಓದು ಬಲ್ಲ ಒಬ್ಬರು ಕೇರಿಯ ಸರ್ಟಿಫಿಕೇಟುಗಳ ಲೆಕ್ಕ ಇಡಲಿ. ಗಡಿಯಾಚೆಯಿಂದ ಬಂದ ಸೊಸೆಯ ತವರಿನ ಕಾಗದ ಜೋಪಾನವಾಗಿರಲಿ. ಅವಳ ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ತಂದೆಯ ಕಾಗದಗಳನ್ನು ಈಗಲೇ ಹೊಂದಿಸಿಡಲಿ. ದಾಖಲಾತಿಯ ಹಿಂದಿನ ದಿನ ಓಡಾಡಿದರೆ ಕೆಲಸ ಕೆಡುತ್ತದೆ.

ಇನ್ನು ಹಲಗಿ. ಸತ್ತ ಎಮ್ಮೆಯ ಚರ್ಮದಲ್ಲಿ ಇಷ್ಟು ದನಿ ಐತಿ ಅಂತ ಕಂಡುಹಿಡಿದವರು ನಮ್ಮ ಹಿರಿಯರು. ಬಿಟ್ಟಿ ಚಾಕರಿಗೆ ಕರೆದರೆ ಅದು ಗೂಟದ ಮೇಲೆ ಇರಲಿ. ಗೋಡೆಪತ್ರಿಕೆ ಅಂಟಿಸಿದ ಸಂಜೆ ಅದನ್ನು ಕಾಯಿಸಿ ಬಾರಿಸೋಣ, ಓದಲು ಬಾರದವರೂ ಬಂದು ಕೇಳಲಿ. ಆ ದನಿ ಗಡಿಯ ಆಚೆಗೂ ಕೇಳಿಸುತ್ತದೆ, ಈಚೆಗೂ ಕೇಳಿಸುತ್ತದೆ.

ಜೈಭೀಮ್.