ಒಗಟಿಗೂ ಒಂದು ನ್ಯಾಯವಿದೆ



ಕಂಪ್ಯೂಟರ್ ಆಟ ಎಂದೊಡನೆ ಓಟ, ಗುಂಡಿನ ಸದ್ದು, ಬೆರಳಿನ ಚುರುಕು ನಿಮ್ಮ ನೆನಪಿಗೆ ಬರಬಹುದು. ಆದರೆ ಬೆರಳಿಗೆ ಅವಸರವೇ ಇಲ್ಲದ ಆಟಗಳೂ ಇವೆ. ಪರದೆಯ ಮೇಲೆ ಒಂದು ಕೋಣೆ. ಮೌಸ್ ಸರಿಸಿ, ಬಾಣದ ಗುರುತನ್ನು ಒಂದು ವಸ್ತುವಿನ ಮೇಲೆ ತಂದು ಒತ್ತಿದರೆ ಕಥಾನಾಯಕ ಅದನ್ನು ನೋಡುತ್ತಾನೆ, ಎತ್ತಿಕೊಳ್ಳುತ್ತಾನೆ, ಇಲ್ಲವೇ ಇನ್ನೊಂದರ ಜೊತೆ ಸೇರಿಸುತ್ತಾನೆ. ಒಂದೊಂದು ಒಗಟು ಬಿಡಿಸಿದಂತೆ ಕಥೆ ಮುಂದೆ ಸಾಗುತ್ತದೆ. ಇವನ್ನು 'ಪಾಯಿಂಟ್ ಅಂಡ್ ಕ್ಲಿಕ್' ಸಾಹಸದ ಆಟಗಳೆನ್ನುತ್ತಾರೆ.

1987ರಲ್ಲಿ ಅಮೆರಿಕದಲ್ಲಿ ಬಂದ 'ಮೇನಿಯಾಕ್ ಮ್ಯಾನ್ಶನ್' ಈ ಬಗೆಯ ಆಟಗಳಿಗೆ ದಾರಿ ಮಾಡಿಕೊಟ್ಟವುಗಳಲ್ಲೊಂದು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ರಾನ್ ಗಿಲ್ಬರ್ಟ್ 1989ರಲ್ಲಿ ಒಂದು ಲೇಖನ ಬರೆದು, ಒಗಟು ಕಟ್ಟುವವರಿಗೆ ಕೆಲವು ನಿಯಮಗಳನ್ನು ಸೂಚಿಸಿದರು. ಅದರಲ್ಲೊಂದು ಹೀಗಿದೆ: ಆಟಗಾರನಿಗೆ ಮೊದಲು ಕಂದಕ ಕಾಣಬೇಕು, ಹಗ್ಗ ಸಿಗಬೇಕಾದದ್ದು ಆಮೇಲೆ. ಸಮಸ್ಯೆ ಕಂಡವನಿಗೆ ಮಾತ್ರ ಹಗ್ಗದ ಬೆಲೆ ತಿಳಿಯುತ್ತದೆ.

ಈ ನ್ಯಾಯ ತಪ್ಪಿದರೆ ಏನಾಗುತ್ತದೆ? 1999ರ 'ಗೇಬ್ರಿಯಲ್ ನೈಟ್ 3' ಎಂಬ ಆಟ ನೋಡಿ. ಅದರಲ್ಲಿ ನಾಯಕ ಮತ್ತೊಬ್ಬನ ವೇಷ ಹಾಕಿ ಮೋಟಾರ್ ಸೈಕಲ್ ಬಾಡಿಗೆಗೆ ಪಡೆಯಬೇಕು. ಅದಕ್ಕಾಗಿ ಬೆಕ್ಕಿನ ಕೂದಲನ್ನು ಅಂಟುಪಟ್ಟಿಯಲ್ಲಿ ಹಿಡಿದು, ಸಿಹಿ ಪಾಕದಿಂದ ಮೂತಿಗೆ ಅಂಟಿಸಿ ಮೀಸೆ ಮಾಡಿಕೊಳ್ಳಬೇಕು. ತಮಾಷೆಯೆಂದರೆ, ಆ ಮತ್ತೊಬ್ಬನಿಗೆ ಮೀಸೆಯೇ ಇಲ್ಲ! ಅವನ ಪಾಸ್‌ಪೋರ್ಟಿನ ಚಿತ್ರಕ್ಕೂ ಮೀಸೆ ಬರೆಯಬೇಕು. ಯಾವ ತರ್ಕವೂ ಇಲ್ಲಿಗೆ ನಮ್ಮನ್ನು ತಲುಪಿಸದು. ಅನ್ಯಾಯದ ಒಗಟಿಗೆ ಇದು ಇಂದಿಗೂ ಉದಾಹರಣೆಯಾಗಿದೆ.

ಕಂತುಗಳ ಆಟ ಇಲ್ಲಿ ಉಪಕಾರ ಮಾಡಿತು. 2004ರಲ್ಲಿ ಆರಂಭವಾದ ಟೆಲ್‌ಟೇಲ್ ಸಂಸ್ಥೆ 'ಸ್ಯಾಮ್ ಅಂಡ್ ಮ್ಯಾಕ್ಸ್' ಆಟದ ಮೊದಲ ಸರಣಿಯನ್ನು 2006ರ ಅಕ್ಟೋಬರ್‌ನಿಂದ 2007ರ ಏಪ್ರಿಲ್‌ವರೆಗೆ ಆರು ಕಂತುಗಳಲ್ಲಿ ತಂದಿತು. ಪತ್ತೇದಾರರು ಒಂದು ನಾಯಿ, ಒಂದು ಮೊಲದಂಥ ಪ್ರಾಣಿ. ಎರಡನೆಯ ಕಂತು ನಡೆಯುವುದು ಟೆಲಿವಿಷನ್ ಕೇಂದ್ರದಲ್ಲಿ. ಹಾಡಿನ ಸ್ಪರ್ಧೆಯಿಂದ ಅಡುಗೆ ಕಾರ್ಯಕ್ರಮದವರೆಗೆ ಎಲ್ಲವೂ ಅಲ್ಲಿದೆ. ಧಾರಾವಾಹಿ ತಯಾರಿಸುವ ನಮ್ಮಂಥವರಿಗೆ ಇದರ ಕಟ್ಟಡ ಥಟ್ಟನೆ ಗುರುತು ಸಿಗುತ್ತದೆ. ಅದೇ ಬೀದಿ, ಅದೇ ಕಚೇರಿ, ಅದೇ ಅಂಗಡಿ ಪ್ರತಿ ಕಂತಿನಲ್ಲೂ ಬರುತ್ತವೆ. ಚಿಕ್ಕ ಗಂಟು ಆ ಕಂತಿನಲ್ಲೇ ಬಿಚ್ಚಿಕೊಳ್ಳುತ್ತದೆ. ಜನರಿಗೆ ಮಂಕುಬೂದಿ ಎರಚುತ್ತಿರುವವರು ಯಾರು ಎಂಬ ದೊಡ್ಡ ಗಂಟು ಮುಂದಿನ ಕಂತಿಗೆ ಸಾಗುತ್ತದೆ. ಜಾಗ ಚಿಕ್ಕದಾದಾಗ ವಸ್ತುಗಳೂ ಕಡಿಮೆ. ಉತ್ತರ ಎಲ್ಲೋ ದೂರದಲ್ಲಿಲ್ಲ, ಕಣ್ಣೆದುರಿಗೇ ಇದೆ ಎಂಬ ಭರವಸೆ ಆಟಗಾರನಿಗೆ ಸಿಗುತ್ತದೆ.

ಆದರೂ ನೀವು ಸಿಕ್ಕಿಕೊಳ್ಳುತ್ತೀರಿ. ಆಗ ಏನು ಮಾಡುತ್ತೀರಿ ಎಂಬುದೇ ಮುಖ್ಯ.

ಚೀಲದಲ್ಲಿ 8 ವಸ್ತುಗಳಿವೆ, ಅವನ್ನು ಬಳಸಿ ನೋಡಬಹುದಾದ 20 ಜಾಗಗಳಿವೆ ಎನ್ನೋಣ. ಒಟ್ಟು 160 ಜೋಡಿಗಳು. ಎಲ್ಲವನ್ನೂ ಕಣ್ಣುಮುಚ್ಚಿ ಒತ್ತುತ್ತಾ ಹೋದರೆ ಬಾಗಿಲು ತೆರೆದೀತು. ಏಕೆ ತೆರೆಯಿತೆಂದು ಮಾತ್ರ ತಿಳಿಯದು. ಇಂಟರ್ನೆಟ್‌ನಲ್ಲಿ ಉತ್ತರ ಹುಡುಕಿದರೂ ಅಷ್ಟೇ. ಗೈಡ್ ನೋಡಿ ಬರೆದ ಲೆಕ್ಕದ ಹಾಗೆ ಉತ್ತರ ಸರಿ, ಲೆಕ್ಕ ನಿಮ್ಮದಲ್ಲ.

ಮೂರನೆಯ ದಾರಿಯೊಂದಿದೆ. ನಿಲ್ಲಿ. ಕಾಗದ ತೆಗೆದುಕೊಳ್ಳಿ. ಅಡ್ಡಿ ಏನು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಕೈಯಲ್ಲಿರುವ ವಸ್ತುಗಳನ್ನು ಪಟ್ಟಿ ಮಾಡಿ. ಪಾತ್ರಗಳು ಆಡಿದ ಯಾವ ಮಾತು ಇನ್ನೂ ಬಳಕೆಯಾಗದೆ ಉಳಿದಿದೆ ಎಂದು ಯೋಚಿಸಿ. ಒಂದು ಊಹೆ ಮಾಡಿ, ಅದೊಂದನ್ನೇ ಪರೀಕ್ಷಿಸಿ. ಸೋತರೆ, ಆ ಸೋಲು ಏನು ಹೇಳಿತೆಂದು ಗುರುತು ಹಾಕಿಕೊಳ್ಳಿ. ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೇ? ತೀರಾ ಆಗದಿದ್ದರೆ ಸುಳಿವು ಕೇಳಿ, ಉತ್ತರವನ್ನಲ್ಲ. 2009ರಲ್ಲಿ ಐದು ಕಂತುಗಳಲ್ಲಿ ಬಂದ 'ಟೇಲ್ಸ್ ಆಫ್ ಮಂಕಿ ಐಲೆಂಡ್' ಆಟದಲ್ಲಿ ಸುಳಿವು ಎಷ್ಟು ಬಾರಿ ಬರಬೇಕೆಂದು ಆಟಗಾರನೇ ಗೊತ್ತುಮಾಡಬಹುದು.

ಟೆಲ್‌ಟೇಲ್ 2018ರಲ್ಲಿ ಬಾಗಿಲು ಹಾಕಿತು. ಅಲ್ಲಿ ದುಡಿದಿದ್ದ ಕೆಲವರು ಸೇರಿ 'ಸ್ಯಾಮ್ ಅಂಡ್ ಮ್ಯಾಕ್ಸ್'ನ ಆ ಸರಣಿಯನ್ನು ಪರಿಷ್ಕರಿಸಿ 2020ರಲ್ಲಿ ಮತ್ತೆ ತಂದರು. ಒಳ್ಳೆಯ ಒಗಟು ಬೇಗ ಹಳತಾಗುವುದಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಆಟದಲ್ಲಿ ಉತ್ತರ ಇದ್ದೇ ಇದೆ ಎಂದು ಅದನ್ನು ಕಟ್ಟಿದವರು ಮಾತು ಕೊಟ್ಟಿರುತ್ತಾರೆ. ನಿಸರ್ಗ ಯಾರಿಗೂ ಅಂಥ ಮಾತು ಕೊಟ್ಟಿಲ್ಲ. ನಾಳೆ ನೀವು ಎದುರಿಸುವ ಪ್ರಶ್ನೆಗಳಲ್ಲಿ ಕೆಲವಕ್ಕೆ ಗೈಡ್ ಇರುವುದಿಲ್ಲ, ಸುಳಿವೂ ಇರುವುದಿಲ್ಲ. ಉತ್ತರ ಖಚಿತವಾಗಿರುವ ಕಡೆಯೇ ತಾಳ್ಮೆಯಿಂದ ಯೋಚಿಸಲು ಕಲಿಯದವರು, ಅದು ಖಚಿತವಿಲ್ಲದ ಕಡೆ ಹೇಗೆ ನಿಂತಾರು? ಮುಂದಿನ ಸಲ ಸಿಕ್ಕಿಕೊಂಡಾಗ, ಉತ್ತರ ಹುಡುಕುವ ಮುನ್ನ ಒಂದು ರಾತ್ರಿ ಆ ಒಗಟನ್ನು ತಲೆಯಲ್ಲಿಟ್ಟುಕೊಂಡು ಮಲಗಿ ನೋಡಿ.