ನಗಿಸುವವನು ನಗಬಾರದು

ಹಾಸ್ಯನಟರ ಬಗ್ಗೆ ಜನರಲ್ಲಿ ಒಂದು ನಂಬಿಕೆ ಬೇರೂರಿದೆ. ಊರನ್ನೆಲ್ಲ ನಗಿಸುವವನು ಮನೆಗೆ ಹೋಗಿ ಒಬ್ಬನೇ ಅಳುತ್ತಾನೆ ಎಂಬುದು ಆ ನಂಬಿಕೆ. ಹಾಸ್ಯನಟನೊಬ್ಬ ತೀರಿಕೊಂಡಾಗ ಬರೆಯುವ ಶ್ರದ್ಧಾಂಜಲಿಗಳಲ್ಲಿ ಈ ಮಾತು ತಪ್ಪದೆ ಬರುತ್ತದೆ. ಆದರೆ ಇದನ್ನು ಒಪ್ಪದ ಹಾಸ್ಯನಟನೊಬ್ಬನಿದ್ದ. ಒಪ್ಪುವುದಕ್ಕೆ ಬೇಕಾದ ಕಾರಣಗಳೆಲ್ಲ ಅವನ ಬಾಳಿನಲ್ಲಿ ಇದ್ದವು, ಆದರೂ ಒಪ್ಪಲಿಲ್ಲ. ಅವನ ಹೆಸರು ಬಸ್ಟರ್ ಕೀಟನ್.

ಮೂಕಿ ಚಿತ್ರಗಳ ಕಾಲದಲ್ಲಿ ಚಾರ್ಲಿ ಚಾಪ್ಲಿನ್, ಹೆರಾಲ್ಡ್ ಲಾಯ್ಡ್ ಇವರ ಜೊತೆಗೆ ಕೇಳಿಬರುತ್ತಿದ್ದ ಮೂರನೆಯ ಹೆಸರು ಕೀಟನ್‌ನದು. ಚಾಪ್ಲಿನ್‌ನ ಮೀಸೆ, ಬೆತ್ತ ನಮ್ಮ ಮಕ್ಕಳಿಗೂ ಗೊತ್ತು. ಕೀಟನ್‌ನ ಗುರುತೆಂದರೆ ಚಪ್ಪಟೆ ಟೋಪಿ ಮತ್ತು ನಗದ ಮುಖ. ಪತ್ರಿಕೆಗಳು ಅದನ್ನು ಕಲ್ಲುಮುಖವೆಂದು ಕರೆದವು. ಆ ಮುಖದ ಹಿಂದೆ ದುಃಖವಿದೆಯೆಂದು ಜನ ಊಹಿಸಿದರು. ನಿಜ ಸಂಗತಿಯೇ ಬೇರೆ.

ಅವನು 1895ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ತಂದೆ ತಾಯಿ ಊರೂರು ಸುತ್ತುವ ನಟರು. ನಮ್ಮ ಕಂಪನಿ ನಾಟಕದವರ ಮಕ್ಕಳಂತೆ ಇವನೂ ರಂಗದ ಮಗ್ಗುಲಲ್ಲೇ ಬೆಳೆದ. ಓದು ಬರಹಕ್ಕೆ ಮೊದಲೇ ರಂಗದ ಮೇಲಿದ್ದ. ತಂದೆ ಜೋ ಕೀಟನ್ ಮಗನನ್ನು ಎತ್ತಿ ರಂಗದ ಈ ಬದಿಯಿಂದ ಆ ಬದಿಗೆ ಎಸೆಯುತ್ತಿದ್ದ. ಎಸೆಯಲು ಅನುಕೂಲವಾಗಲೆಂದು ಹುಡುಗನ ಬೆನ್ನ ಮೇಲೆ ಅಂಗಿಗೆ ಸೂಟ್‌ಕೇಸಿನ ಹಿಡಿಯನ್ನು ಹೊಲಿದಿದ್ದರು. ಇದು ಮಗುವಿಗೆ ಹಿಂಸೆಯೆಂದು ದೂರುಗಳು ಹೋದವು. ನ್ಯೂಯಾರ್ಕಿನ ಅಧಿಕಾರಿಗಳು ಬಟ್ಟೆ ಬಿಚ್ಚಿಸಿ ನೋಡಿದರೂ ಮೈಮೇಲೆ ಗಾಯದ ಗುರುತು ಕಾಣಲಿಲ್ಲ ಎಂಬುದನ್ನು ಕೀಟನ್ ಮುಂದೆ ಹೆಮ್ಮೆಯಿಂದಲೇ ಹೇಳಿಕೊಂಡ. ಬೀಳುವುದು ಅವನಿಗೆ ಕಸುಬಾಗಿತ್ತು.

ಆ ಕಸುಬು ಕಲಿಸಿದ ಮೊದಲ ಪಾಠ ಸರಳವಾದದ್ದು. ಬಿದ್ದೆದ್ದು ತಾನೂ ನಕ್ಕರೆ ಸಭೆ ಕಡಿಮೆ ನಗುತ್ತದೆ. ಏನಾಯಿತೆಂದು ತಿಳಿಯದವನಂತೆ ನಿಂತು ನೋಡಿದರೆ ಸಭೆ ಬಿದ್ದು ಬಿದ್ದು ನಗುತ್ತದೆ. ಕಲ್ಲುಮುಖ ಹುಟ್ಟಿದ್ದು ಹೀಗೆ. ನಗುವ ಹಕ್ಕು ನೋಡುವವನದು, ಅದನ್ನು ಆಡುವವನು ಕಸಿದುಕೊಳ್ಳಬಾರದು ಎನ್ನುವುದಷ್ಟೇ ಅದರ ಅರ್ಥ.

1924ರ ‘ದಿ ನ್ಯಾವಿಗೇಟರ್’ ಚಿತ್ರ ಇನ್ನೊಂದು ಪಾಠ ಕಲಿಸಿತು. ಕೆಟ್ಟ ಹಡಗನ್ನು ಸರಿಪಡಿಸಲು ನಾಯಕ ನೀರಿನೊಳಗೆ ಇಳಿದಿದ್ದಾನೆ. ಮೇಲೆ ನಾಯಕಿಗೆ ಅಪಾಯ ಕಾದಿದೆ. ಆಗ ಅವನು ನಕ್ಷತ್ರಮೀನೊಂದನ್ನು ಪೊಲೀಸರ ಬಿಲ್ಲೆಯಂತೆ ಎದೆಗೆ ಸಿಕ್ಕಿಸಿಕೊಂಡು, ಬೀದಿಯಲ್ಲಿ ವಾಹನಗಳಿಗೆ ಕೈ ತೋರುವಂತೆ ಮೀನುಗಳ ಹಿಂಡಿಗೆ ದಾರಿ ತೋರಿಸುತ್ತಾನೆ. ರಬ್ಬರಿನ ಮೀನುಗಳನ್ನು ಮಾಡಿಸಿ, ಬಹಳ ಶ್ರಮಪಟ್ಟು ತೆಗೆದ ದೃಶ್ಯ ಅದು. ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ ಜನ ನಗಲೇ ಇಲ್ಲ. ಅದೇ ದೃಶ್ಯವನ್ನು ಪ್ರಚಾರದ ತುಣುಕಿನಲ್ಲಿ ಬಿಡಿಯಾಗಿ ತೋರಿಸಿದಾಗ ಚೆನ್ನಾಗಿ ನಕ್ಕರು. ಕೀಟನ್‌ಗೆ ಕಾರಣ ಹೊಳೆಯಿತು. ಹುಡುಗಿ ಸಂಕಟದಲ್ಲಿರುವಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಚೇಷ್ಟೆಗೆ ನಿಂತ ನಾಯಕನನ್ನು ಜನ ಕ್ಷಮಿಸಲಿಲ್ಲ. ದೃಶ್ಯಕ್ಕೆ ಕತ್ತರಿ ಬಿತ್ತು. ನಗೆಗೂ ಒಂದು ಧರ್ಮವಿದೆ, ಅದನ್ನು ಕಾಯುವವರು ಪ್ರೇಕ್ಷಕರು ಎಂಬುದನ್ನು ಅವನು ಹೀಗೆ ಕಂಡುಕೊಂಡ.

ಅವನ ಸಾಹಸಗಳ ಹಿಂದೆ ಇದ್ದದ್ದು ಲೆಕ್ಕಾಚಾರ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ತೆರೆದ ಕಿಟಕಿಯೊಂದು ಅವನಿದ್ದ ಜಾಗಕ್ಕೆ ಸರಿಯಾಗಿ ಬರುವುದರಿಂದ ಬದುಕುತ್ತಾನೆ. ಗೋಡೆ ನಿಜವಾದದ್ದು, ಕಿಟಕಿಗೂ ಮೈಗೂ ನಡುವೆ ಇದ್ದದ್ದು ಕೆಲವೇ ಅಂಗುಲ. ನಿಲ್ಲುವ ಜಾಗವನ್ನು ಮೊದಲೇ ಅಳೆದಿದ್ದರು. ‘ಷರ್ಲಾಕ್ ಜೂನಿಯರ್’ ಚಿತ್ರೀಕರಣದಲ್ಲಿ ನೀರಿನ ರಭಸಕ್ಕೆ ರೈಲು ಹಳಿಯ ಮೇಲೆ ಬಿದ್ದು ಕತ್ತಿನ ಮೂಳೆ ಬಿರುಕು ಬಿಟ್ಟಿತ್ತು. ಅದು ಅವನಿಗೇ ಗೊತ್ತಾದದ್ದು ವರ್ಷಗಳ ಬಳಿಕ, ಎಕ್ಸ್‌ರೇ ತೆಗೆದಾಗ.

ಇಂಥವನನ್ನು ಮುರಿದದ್ದು ಯಾವ ಗೋಡೆಯೂ ಅಲ್ಲ, ಒಂದು ಕರಾರುಪತ್ರ. ಅಲ್ಲಿಯವರೆಗೆ ಅವನದೇ ಆದ ಸಣ್ಣ ತಂಡವಿತ್ತು. ಕಥೆಗೆ ಮೊದಲು, ಕೊನೆ ಸಿಕ್ಕರೆ ಸಾಕು. ನಡುವಿನದನ್ನು ಸ್ಥಳದಲ್ಲೇ ಹುಡುಕಿಕೊಳ್ಳುತ್ತಿದ್ದರು. ಏನೂ ಹೊಳೆಯದಿದ್ದರೆ ಎಲ್ಲರೂ ಸೇರಿ ಬೇಸ್‌ಬಾಲ್ ಆಡುತ್ತಿದ್ದರು. 1928ರಲ್ಲಿ ಅವನು ಎಂಜಿಎಂ ಎಂಬ ದೊಡ್ಡ ಸ್ಟುಡಿಯೋ ಸೇರಿದ. ಬೇಡವೆಂದು ಚಾಪ್ಲಿನ್ ಮೊದಲೇ ಎಚ್ಚರಿಸಿದ್ದ. ವಾರಕ್ಕೆ ಮೂರು ಸಾವಿರ ಡಾಲರ್ ಸಂಬಳ ಬಂತು. ಆದರೆ ಏನು ಮಾಡಬೇಕೆಂದು ಹೇಳುವವರು ಬೇರೆಯವರಾದರು. ಚಿತ್ರಗಳು ಹಣ ಮಾಡಿದವು, ಕೀಟನ್ ಅವುಗಳಲ್ಲಿ ಇರಲಿಲ್ಲ. ಕುಡಿತ ಹತ್ತಿತು, ಸಂಸಾರ ಒಡೆಯಿತು, 1933ರಲ್ಲಿ ಕೆಲಸವೂ ಹೋಯಿತು. ಮುಂದೆ ಅದೇ ಸ್ಟುಡಿಯೋದಲ್ಲಿ ಹಿಂದಿನ ಸಂಬಳದ ಒಂದು ಚೂರಿಗೆ ಬೇರೆ ನಟರಿಗಾಗಿ ನಗೆಯ ಸನ್ನಿವೇಶಗಳನ್ನು ಹೆಣೆದುಕೊಡುವ ಕೆಲಸಕ್ಕೆ ಕುಳಿತ.

ಇಷ್ಟಾದ ಮೇಲೆ, 1960ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವನು ಕಣ್ಣೀರು ಸುರಿಸಬಹುದಾಗಿತ್ತು. ಎಂಜಿಎಂ ಸೇರಿದ್ದು ತನ್ನ ದೊಡ್ಡ ತಪ್ಪೆಂದು ಒಪ್ಪಿಕೊಂಡ, ಅಷ್ಟೇ. ಒಟ್ಟು ಬಾಳಿನ ಲೆಕ್ಕ ಹಾಕುವಾಗ ತಾನು ಅದೃಷ್ಟವಂತನೆಂದೇ ಬರೆದ. ಬಾಳು ಯೋಗ್ಯರು, ಅಯೋಗ್ಯರೆನ್ನದೆ ಎಲ್ಲರನ್ನೂ ಗುದ್ದುತ್ತದೆ ಎಂಬುದನ್ನು ಎಳವೆಯಿಂದಲೇ ಬಲ್ಲವನಿಗೆ ಏಟು ಬಿದ್ದಾಗ ಆಶ್ಚರ್ಯವಾಗಲಿಲ್ಲ. ಕಲ್ಲುಮುಖದ ಪಾಠವೇ ಇಲ್ಲಿಯೂ ಕೈಹಿಡಿಯಿತು: ತನ್ನ ಬೀಳಿಗೆ ತಾನು ನಗಬಾರದು, ಅಳಲೂಬಾರದು; ಎದ್ದು ಟೋಪಿ ಸರಿಮಾಡಿಕೊಳ್ಳಬೇಕು.

ಅವನ ಹಳೆಯ ಚಿತ್ರಗಳು ಮತ್ತೆ ತೆರೆಗೆ ಬಂದವು. 1965ರಲ್ಲಿ ವೆನಿಸ್ ಚಿತ್ರೋತ್ಸವದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮರುವರ್ಷ ಫೆಬ್ರುವರಿ 1ರಂದು ಕೀಟನ್ ತೀರಿಕೊಂಡ. ಬಿಡುಗಡೆಯಾದಾಗ ಸೋತಿದ್ದ ಅವನ ‘ದಿ ಜನರಲ್’ ಚಿತ್ರವನ್ನು 1989ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಚಿತ್ರಸಂಗ್ರಹಕ್ಕೆ ಆರಿಸಿದ ಮೊದಲ ಇಪ್ಪತ್ತೈದು ಚಿತ್ರಗಳಲ್ಲಿ ಸೇರಿಸಿತು. ಹಾಸ್ಯನಟರ ಮೇಲೆ ಮರುಕ ತೋರುವುದು ಸುಲಭ. ಕೀಟನ್ ಬೇಡಿದ್ದು ಮರುಕವಲ್ಲ, ತನ್ನ ಕೆಲಸ ತನ್ನ ಕೈಯಲ್ಲಿರಬೇಕೆಂಬ ಅವಕಾಶ. ಅದು ಇದ್ದಷ್ಟು ದಿನ ಅವನು ಮಾಡಿದ ಚಿತ್ರಗಳನ್ನು ನೋಡಿ ಜನ ಇಂದಿಗೂ ನಗುತ್ತಾರೆ.