ಜಡೆಯ ತುದಿಯ ಟೇಪಿನ ಹೂವು



ಬೆಳಿಗ್ಗೆ ಎಂಟೂವರೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಮಣೆಯ ಮೇಲೆ ಕುಳಿತ ಮಗಳು ಮಗ್ಗಿ ಒಪ್ಪಿಸುತ್ತಿದ್ದಾಳೆ. ತಾಯಿಯ ಕೈಯಲ್ಲಿ ಜಡೆ, ಹಲ್ಲುಗಳ ನಡುವೆ ಟೇಪು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಶಾಲೆಯ ದಿನ ಶುರುವಾಗುವುದೇ ಹೀಗೆ. ರಿಬ್ಬನ್ ಎಂಬುದು ಅಂಗಡಿಯ ಮಾತು. ಮನೆಯಲ್ಲಿ ಅದು ಟೇಪು, ಕಟ್ಟಿದ ಮೇಲೆ ಹೂವು.

ಟೇಪಿಗೂ ಮೊದಲು ನಮ್ಮಲ್ಲಿ ಜಡೆಗೆ ಸಿಂಗಾರವಿತ್ತು. ಕುಚ್ಚು, ಜಡೆಬಿಲ್ಲೆ, ಹಬ್ಬಕ್ಕೆ ಮೊಗ್ಗಿನ ಜಡೆ. ಅತ್ತ ಯುರೋಪಿನಲ್ಲಿ ರೇಷ್ಮೆ ಟೇಪು ನೇಯುವುದೇ ಕೆಲವು ಊರುಗಳ ಕಸುಬಾಗಿತ್ತು. ಫ್ರಾನ್ಸಿನ ಸೇಂಟ್ ಎಟಿಯೆನ್, ಇಂಗ್ಲೆಂಡಿನ ಕವೆಂಟ್ರಿ ಅಂಥವು. 1860ರ ವ್ಯಾಪಾರ ಒಪ್ಪಂದದಿಂದ ಫ್ರೆಂಚ್ ರೇಷ್ಮೆಯ ಮೇಲಿನ ಸುಂಕ ಹೋದಾಗ ಕವೆಂಟ್ರಿಯ ಮಗ್ಗಗಳು ನಿಂತವು, ಸಾವಿರಾರು ಜನ ಊರು ಬಿಟ್ಟರು. ಮಕ್ಕಳ ತಲೆಯ ಟೇಪಿನ ಹಿಂದೆ ಅಷ್ಟು ಮಂದಿಯ ಅನ್ನ ಇತ್ತು. 1938ರಲ್ಲಿ ನೈಲಾನ್ ಬಂತು. ಆಮೇಲೆ ಇಂಥ ನೂಲುಗಳಿಂದ ಟೇಪು ಅಗ್ಗವಾಯಿತು, ಜಾತ್ರೆಯ ಬಳೆ ಅಂಗಡಿಗೂ ಬಂದು ಕೂತಿತು.

ಇನ್ನು ಕಟ್ಟುವ ಬಗೆ. ಮಡಚಿ ಕಟ್ಟುವ ಜಡೆಗೆ ಒಂದೊಂದಕ್ಕೆ ಸುಮಾರು ಒಂದು ಗಜ ಟೇಪು ಬೇಕು. ಹೂವು ಸೊಟ್ಟಗಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಿಚ್ಚಿಹೋಗುತ್ತದೆ ಎಂದು ದೂರುವವರು ಬಹಳ. ತಪ್ಪು ಟೇಪಿನದಲ್ಲ, ಗಂಟಿನದು. ಮೊದಲ ಸುತ್ತಿನಲ್ಲಿ ಬಲಗೈ ತುದಿ ಎಡದ ಮೇಲೆ ಹೋಗಿದ್ದರೆ, ಜೀರುಗುಣಿಕೆ ಹಾಕುವಾಗ ಎಡದ್ದು ಬಲದ ಮೇಲೆ ಹೋಗಬೇಕು. ಆಗ ಹೂವು ಜಡೆಗೆ ಅಡ್ಡಲಾಗಿ ಕೂರುತ್ತದೆ. ಎರಡು ಸಲವೂ ಒಂದೇ ಕಡೆಗೆ ಹಾಕಿದರೆ ಜಡೆಯುದ್ದಕ್ಕೂ ತಿರುಗಿ ನಿಲ್ಲುತ್ತದೆ, ಸಡಿಲವೂ ಆಗುತ್ತದೆ.

ಅಷ್ಟೂ ಪುರುಸೊತ್ತಿಲ್ಲದವರು ಭಾನುವಾರವೇ ಹೂವು ಮಾಡಿಟ್ಟುಕೊಳ್ಳಬಹುದು. ಒಂದು ಗೇಣು ಟೇಪು ತೆಗೆದುಕೊಂಡು ಎರಡೂ ತುದಿಗಳನ್ನು ಒಂದರ ಮೇಲೊಂದು ತಂದು ಬಳೆಯಂತೆ ಮಾಡಬೇಕು. ಸೇರಿದ ಜಾಗ ಹಿಂಬದಿಯ ನಡುವಿಗೆ ಬರುವಂತೆ ಚಪ್ಪಟೆಯಾಗಿಸಿ, ನಡುವೆ ನೆರಿಗೆ ಹಿಡಿದು ದಾರ ಬಿಗಿದರೆ ಎರಡು ಕಿವಿ ಎದ್ದು ನಿಲ್ಲುತ್ತವೆ. ದಾರ ಕಾಣದಂತೆ ಮೇಲೊಂದು ಸಣ್ಣ ಚೂರು ಸುತ್ತಿ, ಕೂದಲಿನ ರಬ್ಬರಿಗೆ ಹೊಲಿದರೆ ಮುಗಿಯಿತು. ನೂಲು ಬಿಡದಿರಲು ನೈಲಾನ್ ಟೇಪಿನ ಕತ್ತರಿಸಿದ ಅಂಚನ್ನು ಮೇಣದಬತ್ತಿಯ ಉರಿಯ ಪಕ್ಕ ಒಂದು ಕ್ಷಣ ಹಿಡಿದರೆ ಸಾಕು, ಕರಗಿ ಅಂಟಿಕೊಳ್ಳುತ್ತದೆ. ಹತ್ತಿ ಟೇಪಾದರೆ ಹೊತ್ತಿಕೊಳ್ಳುತ್ತದೆ. ಈ ಕೆಲಸ ದೊಡ್ಡವರದು, ಮಕ್ಕಳ ಕೈಗೆ ಬೇಡ. ಮೂರು ವರ್ಷದೊಳಗಿನ ಮಗುವಿನ ಹೂವಿಗೆ ಮಣಿ, ಗುಂಡಿ ಹೊಲಿಯುವುದೂ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಉಸಿರಿಗೆ ಸಿಕ್ಕಿಕೊಳ್ಳುತ್ತದೆ.

ಹೂವಿಗಿಂತ ಮುಖ್ಯವಾದದ್ದು ಅದರ ಹಿಂದಿನ ಎಳೆತ. ಜಡೆ ಬಿಗಿಯಾಗಿದ್ದರೆ ಹುಡುಗಿ ಶಿಸ್ತಿನವಳು ಎಂಬ ನಂಬಿಕೆ ಮನೆಯಲ್ಲೂ ಇದೆ, ಶಾಲೆಯಲ್ಲೂ ಇದೆ. ದಿನವೂ ಎಳೆದು ಕಟ್ಟಿದರೆ ಹಣೆಯಂಚಿನಲ್ಲೂ ಕಿವಿಯ ಮೇಲ್ಭಾಗದಲ್ಲೂ ಕೂದಲು ತೆಳುವಾಗುತ್ತಾ ಬರುತ್ತದೆ. ಬೇಗ ಗಮನಿಸಿ ಸಡಿಲಿಸಿದರೆ ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಬೇರೇ ಸತ್ತು, ಆ ಜಾಗ ಬೋಳಾಗಿ ಉಳಿಯಬಹುದು. ಒದ್ದೆ ಕೂದಲು ಇನ್ನೂ ಬೇಗ ಹಿಗ್ಗಿ ತುಂಡಾಗುತ್ತದೆ. ಎಣ್ಣೆಸ್ನಾನದ ಮರುಗಳಿಗೆಯಲ್ಲೇ ಜಡೆ ಹಾಕುವ ಅವಸರ ಏಕೆ? "ಅಮ್ಮಾ, ನೋಯುತ್ತೆ" ಎಂದು ಮಗು ಮುಖ ಕಿವುಚಿದರೆ ಅದು ಹಟವಲ್ಲ. ಜಡೆಯ ಬುಡದಲ್ಲಿ ಒಂದು ಬೆರಳು ನುಸುಳುವಷ್ಟು ಸಡಿಲ ಇರಲಿ.

ಸಂಜೆ ಮಗು ಮನೆಗೆ ಬಂದ ಕೂಡಲೇ ಟೇಪು ಬಿಚ್ಚುವುದು ಒಳ್ಳೆಯದು. ಒಗೆದು, ಒದ್ದೆಯಿದ್ದಾಗಲೇ ಬಾಟಲಿಗೆ ನೀಟಾಗಿ ಸುತ್ತಿಟ್ಟರೆ ಬೆಳಿಗ್ಗೆಗೆ ಸುಕ್ಕಿಲ್ಲದೆ ಒಣಗಿರುತ್ತದೆ, ಇಸ್ತ್ರಿಯ ಗೊಡವೆಯಿಲ್ಲ.